ಉಸಿರು ಹಿಡ್ಕೊಳ್ಳಿ

ರಜೆ ಎಂದರೆ ಸೊಸೆಯ ಪಾಲಿಗೆ ಒಂದೇ ಅರ್ಥ, ನಿದ್ದೆ. ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ರಾತ್ರಿ ಪಾಳಿ ಮಾಡಿ ಮಾಡಿ ಸೋತು ಸುಣ್ಣವಾಗಿದ್ದಳು. ಕೆರೆಯ ಪಕ್ಕದ ಈ ಬಾಡಿಗೆ ಮನೆಗೆ ಬಂದಿಳಿದಾಗ ಅವಳು ಮೊದಲು ನೋಡಿದ್ದು ಕೆರೆಯನ್ನಲ್ಲ, ಮಂಚವನ್ನು. ಆದರೂ ನೋಡಿ, ಹೊತ್ತು ಹುಟ್ಟುವ ಮೊದಲೇ ಎದ್ದು ಮಾವನ ಹಿಂದೆ ಒದ್ದೆ ಹುಲ್ಲು ತುಳಿಯುತ್ತ ಹೊರಟವಳು ಅವಳೇ. ಗಂಡ ಮಹಾಶಯ ಕಂಬಳಿ ಹೊದ್ದು ಕುಂಭಕರ್ಣನ ವಂಶ ಬೆಳಗುತ್ತಿದ್ದ.

ಹೋಗದೆ ವಿಧಿಯಿರಲಿಲ್ಲ. ಹಿಂದಿನ ದಿನ ಊಟದ ಹೊತ್ತಿನಲ್ಲಿ ಗಂಡ ತಮಾಷೆ ಮಾಡಿದ್ದ: "ಅಪ್ಪ ತೆಗೆದ ಫೋಟೋ ತೋರಿಸಿದ್ರೆ ಹಕ್ಕಿಗೇ ತನ್ನ ಗುರುತು ಸಿಗಲ್ಲ." ಮಾವನಿಗೆ ಕೈನಡುಕ. ತೆಗೆದದ್ದೆಲ್ಲ ಮಸುಕು. ಮೂರು ಕಾಲಿನ ಸ್ಟ್ಯಾಂಡ್ ತಂದುಕೊಟ್ಟರೆ ಗುಂಡಿ ಒತ್ತುವ ಬೆರಳೇ ಅದನ್ನೂ ನಡುಗಿಸುತ್ತಿತ್ತು. ಗಂಡನ ಮಾತಿಗೆ ಅವಳೂ ನಕ್ಕಿದ್ದಳು, ಸುಳ್ಳೇಕೆ? ಮಾವ ತಟ್ಟೆ ಸರಿಸಿ ಮಗನಿಗೆ ಹೇಳಿದ್ದರು: "ನಾಳೆ ಒಂದೇ ಒಂದು ಫೋಟೋ ನೆಟ್ಟಗೆ ಬರ್ಲಿಲ್ಲ ಅಂದ್ರೆ ಈ ಕ್ಯಾಮೆರಾ ಮುಟ್ಟಲ್ಲ ನಾನು. ನೀನೇ ಇಟ್ಕೋ."

ಆ ಮನುಷ್ಯನ ಹಟ ಅವಳಿಗೆ ಗೊತ್ತಿಲ್ಲದ್ದೇ? ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದವರು. ಕೈನಡುಕ ಶುರುವಾದಾಗ ಒಂದು ದಿನ ಕಣ್ಣಿನ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟು, ಅಂಗಡಿಯ ಬಾಗಿಲೆಳೆದು ಬಂದರು. ಮತ್ತೆ ಆ ಬೀದಿಗೇ ಕಾಲಿಡಲಿಲ್ಲ. ಅತ್ತೆ ಹೋದ ಮೇಲಂತೂ ಆಫ್ ಮಾಡಿದ ಟಿವಿಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಅವರನ್ನು ಆ ಕುರ್ಚಿಯಿಂದ ಎಬ್ಬಿಸಿದ್ದು ಈ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. ಇದನ್ನೂ ಬಿಟ್ಟರೆ ಮತ್ತೆ ಅದೇ ಕುರ್ಚಿ. ನೆನೆಸಿಕೊಂಡರೆ ಅವಳಿಗೆ ಸಂಕಟವಾಗುತ್ತಿತ್ತು.

ಹಾಗಂತ ಆ ಕ್ಯಾಮೆರಾ ಏನೂ ಸಾಧುವಲ್ಲ. ಗುಂಡಿ ಒತ್ತಿದರೆ ಯಾರೋ ಸಿಟ್ಟಿನಿಂದ ಬಾಗಿಲು ಹಾಕಿದಂತೆ 'ಖಟಾರ್' ಎನ್ನುತ್ತಿತ್ತು. ಒಮ್ಮೆ ಅವಳು ಪಾಳಿ ಮುಗಿಸಿ ಬಂದು ಆಗಷ್ಟೇ ಕಣ್ಣು ಮುಚ್ಚಿದ್ದಳು, ಬಾಲ್ಕನಿಯಲ್ಲಿ ಮಾವ ಗುಬ್ಬಚ್ಚಿಯ ಬೆನ್ನು ಹತ್ತಿದ್ದರು. ಖಟಾರ್, ಖಟಾರ್. "ನಿಮಗೆ ಕೈ ಮುಗೀತೀನಿ ಮಾವ, ನನ್ನ ಸಾಯಿಸ್ಬೇಡಿ!" ಎಂದು ಕಿರುಚಿಬಿಟ್ಟಿದ್ದಳು. ಅವರು ಕ್ಯಾಮೆರಾ ಎತ್ತಿಕೊಂಡು ಒಳಗೆ ಹೋಗಿದ್ದರು. ಆಮೇಲೆ ಅವಳು ಮಲಗಿರುವಾಗ ಕ್ಯಾಮೆರಾ ಚೀಲದಿಂದ ಹೊರಬಂದದ್ದಿಲ್ಲ.

ಕೆರೆಯ ಅಂಚಿನ ಕಲ್ಲುಬೆಂಚಿನಲ್ಲಿ ಇಬ್ಬರೂ ಕೂತು ಕಾದರು. ಅವಳಿಗೆ ಆಕಳಿಕೆಯ ಮೇಲೆ ಆಕಳಿಕೆ.

"ನಿದ್ದೆ ಬರ್ತಿದ್ಯೇನಮ್ಮ?"

"ಛೇ, ಇಲ್ಲ ಮಾವ," ಎಂದಳು, ಇನ್ನೊಂದು ಆಕಳಿಕೆ ನುಂಗಿಕೊಂಡು.

ಅಷ್ಟರಲ್ಲಿ ನೀರಿಗೆ ಬಾಗಿದ ಒಣಕೊಂಬೆಯ ಮೇಲೆ ಮಿಂಚುಳ್ಳಿ ಬಂದು ಕೂತಿತು. ಮಾವ ಕ್ಯಾಮೆರಾ ಎತ್ತಿದರು. ಕೈ ಗಡಗಡ ನಡುಗಿತು. ಅವಳಿಗೆ ನೋಡಲಾಗಲಿಲ್ಲ. ವರ್ಷಗಟ್ಟಲೆ ರೋಗಿಗಳಿಗೆ ಹೇಳಿದ ಮಾತು ತಾನಾಗಿಯೇ ಬಾಯಿಗೆ ಬಂತು: "ಮೊಣಕೈ ಎದೆಗೆ ಒತ್ತಿಕೊಳ್ಳಿ. ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ. ಅಲ್ಲಾಡ್ಬೇಡಿ."

ಅಬ್ಬಾ! ಕೈ ನಿಂತಿತು. ಹಕ್ಕಿಯೂ ಕೂತಲ್ಲಿಂದ ಕದಲಲಿಲ್ಲ. ಅವಳು ಖಟಾರ್ ಸದ್ದಿಗೆ ಕಾದಳು. ಸದ್ದೇ ಇಲ್ಲ. ಮಾವನ ಕಿವಿ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಕೊನೆಗೆ ತಡೆಯಲಾರದೆ ಕೆಮ್ಮಿಬಿಟ್ಟರು. ಮಿಂಚುಳ್ಳಿ ಪುರ್ರೆಂದಿತು.

"ಯಾಕೆ ಮಾವ, ಒತ್ತಲಿಲ್ಲ?"

"ನೀನು ಒತ್ತುತ್ತೀಯ ಅಂದ್ಕೊಂಡೆ!" ಏದುಸಿರು ಬಿಡುತ್ತ ಹೇಳಿದರು. "ನನಗೆ ಕೆಮ್ಮು ಜಾಸ್ತಿ ಆದಾಗ ನೀನೇ ಅಲ್ವಾ ಎದೆ ಎಕ್ಸ್-ರೇ ತೆಗೆದಿದ್ದು? ಬಿಡಿ ಅನ್ನೋವರೆಗೂ ಹಿಡ್ಕೊಂಡಿರಿ ಅಂದಿದ್ದೆ. ಈಗ ನೋಡಿದ್ರೆ ಬಿಡಿ ಅನ್ನೋದನ್ನೇ ಮರೆತ್ಯಲ್ಲ."

ಅವಳು ತನ್ನ ಕೈ ನೋಡಿಕೊಂಡಳು. ಬಲಗೈ ಹೆಬ್ಬೆರಳು ಇನ್ನೂ ಇಲ್ಲಿಲ್ಲದ ಎಕ್ಸ್-ರೇ ಗುಂಡಿಯನ್ನು ಒತ್ತಿ ಹಿಡಿದಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಖಾಲಿ ಕೊಂಬೆ ಕಂಡಿತು. ಎಂಥ ಕೆಲಸ ಮಾಡಿದೆ ಎಂದು ಅವಳು ಹಣೆ ಚಚ್ಚಿಕೊಂಡಳು.

"ಬರುತ್ತೆ ಬಿಡಮ್ಮ, ಕಾಯೋಣ," ಎಂದರು ಮಾವ. ಅವಳು ಬೆಂಚಿಗೆ ಒರಗಿದಳು. ಒಂದು ಗಳಿಗೆ ಕಣ್ಣು ಮುಚ್ಚಿ ತೆರೆಯೋಣ ಅಂದುಕೊಂಡಳು, ಅಷ್ಟೇ.

ಎಚ್ಚರವಾದಾಗ ಬಿಸಿಲು ಕೆನ್ನೆ ಸುಡುತ್ತಿತ್ತು. ಮೈಮೇಲೆ ಮಾವನ ಸ್ವೆಟರ್. ಅವರು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವಳು ಧಡಕ್ಕನೆ ಎದ್ದು ಕೂತಳು.

"ಬಂತಾ ಮಾವ?"

"ಬಂತು. ಇಲ್ಲೇ, ಈ ಗೂಟದ ಮೇಲೆ ಕೂತಿತ್ತು. ನೀನು ಹೇಳಿದ ಹಾಗೇ ಉಸಿರು ಹಿಡ್ಕೊಂಡೆ. ಕೈ ಅಲ್ಲಾಡ್ಲಿಲ್ಲ ಕಣಮ್ಮ! ಒಂದೊಂದು ಗರಿನೂ ಬೇರೆಬೇರೆ ಕಾಣ್ತಿತ್ತು."

"ಎಲ್ಲಿ, ತೋರಿಸಿ, ತೋರಿಸಿ!"

"ತೆಗೀಲಿಲ್ಲ."

"ಅಯ್ಯೋ, ಯಾಕೆ?"

ಮಾವ ಕೆರೆಯ ಕಡೆ ನೋಡಿದರು. "ಒತ್ತಿದ್ರೆ ಖಟಾರ್ ಅನ್ನುತ್ತಲ್ಲಮ್ಮ. ಎಷ್ಟು ದಿನದ ಮೇಲೆ ಅಷ್ಟು ಚೆನ್ನಾಗಿ ಮಲಗಿದ್ದೆ ನೀನು."

ಅವಳು ಸ್ವೆಟರ್ ಮಡಚಿ ಅವರ ಪಕ್ಕದಲ್ಲಿಟ್ಟಳು. ಮಾವ ಕ್ಯಾಮೆರಾವನ್ನು ಕೊರಳಿಂದ ತೆಗೆದು, ಪಟ್ಟಿಯನ್ನು ನೀಟಾಗಿ ಸುತ್ತಿ ಅವಳ ಮುಂದೆ ಹಿಡಿದರು. ಕೈ ಮತ್ತೆ ನಡುಗುತ್ತಿತ್ತು. "ತಗೋ, ಅವನಿಗೆ ಕೊಟ್ಬಿಡು. ಮಾತು ಕೊಟ್ಟಿದ್ದೀನಿ."

ನಾಳೆ ರಜೆಯ ಕೊನೆಯ ಬೆಳಗು. ಕದ ಹಾಕಿಕೊಂಡು ಮಧ್ಯಾಹ್ನದವರೆಗೆ ಮಲಗಬೇಕೆಂದು ಮನೆಯಿಂದ ಹೊರಟಾಗಲೇ ತೀರ್ಮಾನಿಸಿ ಬಂದಿದ್ದಳು. ಮೈಯ ಮೂಳೆಮೂಳೆಯೂ ಅದನ್ನೇ ಬೇಡುತ್ತಿತ್ತು. ಅವಳು ಪಟ್ಟಿಯನ್ನು ಬಿಡಿಸಿ ಕ್ಯಾಮೆರಾವನ್ನು ಮತ್ತೆ ಮಾವನ ಕೊರಳಿಗೆ ಹಾಕಿದಳು.

"ಮಾತು ಕೊಟ್ಟಿದ್ದು ನಿಮ್ಮ ಮಗನಿಗೆ. ನನಗಲ್ವಲ್ಲ? ನಾಳೆ ಕತ್ತಲಿರುವಾಗ್ಲೇ ನನ್ನ ಎಬ್ಬಿಸಿ. ಏಳ್ಲಿಲ್ಲ ಅಂದ್ರೆ ಕಿವಿ ಹತ್ರ ಹಿಡಿದು ಖಟಾರ್ ಅನ್ನಿಸಿ."

ಮಾವ ಏನೋ ಹೇಳಲು ಹೋದರು. ಆಗಲಿಲ್ಲ. ಎದೆಯುಬ್ಬಿಸಿ, ಬಾಯಿ ಬಿಗಿದು, ಅಲ್ಲಾಡದೆ ಕೂತರು.

"ಬಿಡಿ ಮಾವ," ಎಂದಳು ಸೊಸೆ. "ಉಸಿರು ಬಿಡಿ."

ಬಿಟ್ಟರು. ಅದರ ಹಿಂದೆಯೇ ಅಳುವೂ ಬಂತು.