ಸಾಹೇಬರು ಎತ್ತಿದ ಕೈ

ನಮ್ಮ ಶಾಲೆಯಲ್ಲಿ ಬೆತ್ತದ ಕುರ್ಚಿ ಒಂದೇ ಇತ್ತು. ಹೆಡ್ಮಾಸ್ತರನಾದ ನಾನು ಯಾವ ತರಗತಿಗೆ ಹೊರಟರೂ ಜವಾನ ಭರಮಪ್ಪ ಅದನ್ನು ತಲೆಯ ಮೇಲೆ ಹೊತ್ತು ನನಗಿಂತ ಮುಂಚೆ ಅಲ್ಲಿರುತ್ತಿದ್ದ. ಕುರ್ಚಿ ಬಾಗಿಲಲ್ಲಿ ಕಂಡೊಡನೆ ಮಕ್ಕಳು ಎದ್ದು ನಿಲ್ಲುತ್ತಿದ್ದರು, ಪಾಠ ನಿಲ್ಲುತ್ತಿತ್ತು, ಮೇಷ್ಟ್ರು ಸೀಮೆಸುಣ್ಣದ ಕೈ ಒರೆಸಿಕೊಂಡು ಗೋಡೆಗೆ ಸರಿಯುತ್ತಿದ್ದರು. ನಾನು ಕೂತು, ಎಲ್ಲ ಚೆನ್ನಾಗಿ ನಡೆಯುತ್ತಿದೆಯೇ ಎಂದು ಕೇಳಿ, ನಡೆಯುತ್ತಿದೆ ಎಂಬ ಉತ್ತರ ಪಡೆದು ಎದ್ದು ಬರುತ್ತಿದ್ದೆ. ಹೆಡ್ಮಾಸ್ತರಿಕೆ ಎಂದರೆ ಇಷ್ಟೇ ಎಂದು ನನಗೂ ಗೊತ್ತಿತ್ತು, ಕುರ್ಚಿಗೂ ಗೊತ್ತಿತ್ತು.

ಹೀಗಿರುವಾಗ ಜಿಲ್ಲಾ ಕಚೇರಿಯಿಂದ ಆದೇಶ ಬಂತು. ಹೆಡ್ಮಾಸ್ತರುಗಳು ಇನ್ನು ಸುಣ್ಣಬಣ್ಣ, ಹೆಂಚಿನ ರಿಪೇರಿಗಳಲ್ಲೇ ಮುಳುಗಿರದೆ ಪಾಠಪ್ರವಚನದಲ್ಲಿ ಮುಂದಾಳುಗಳಾಗಬೇಕಂತೆ; ಅದಕ್ಕೆ ಒಂದು ವಾರದ ತರಬೇತಿ. ಸಭಾಂಗಣದಲ್ಲಿ ಫ್ಯಾನು ತಿರುಗುತ್ತದೆ ಎಂಬ ಒಂದೇ ಕಾರಣಕ್ಕೆ ನಮ್ಮ ಶಾಲೆಯನ್ನೇ ಆರಿಸಿದರು. ಸುತ್ತಲಿನ ಶಾಲೆಗಳ ಹೆಡ್ಮಾಸ್ತರುಗಳೆಲ್ಲ ಬಂದರು. ಅದು ಸಾಲದೆಂಬಂತೆ ಜಿಲ್ಲೆಯ ಶಿಕ್ಷಣಾಧಿಕಾರಿ ಷಡಕ್ಷರಿ ಸಾಹೇಬರೂ ಕಲಿಯುವುದಾಗಿ ಹೇಳಿ ಬಂದು ಕೂತರು. ಅವರದು ಬಲು ಕಡಿಮೆ ಮಾತು. ಅವರು ಕೆಮ್ಮಿದರೂ ನಾವು ಅದರಲ್ಲಿ ಅರ್ಥ ಹುಡುಕುತ್ತಿದ್ದೆವು.

ತರಬೇತಿ ಕೊಡಲು ಬಂದಿದ್ದ ಇಂದುಮತಿ ಮೇಡಂ ನಮ್ಮ ಅರ್ಧ ವಯಸ್ಸಿನವರು. ಮೊದಲೆರಡು ದಿನ ಅವರು ಹೇಳಿದರು, ನಾವು ತಲೆಯಾಡಿಸಿದೆವು. ತಲೆಯಾಡಿಸುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಮೂರನೆಯ ದಿನ ಅವರು ಬಾಂಬು ಹಾಕಿದರು. ಎಲ್ಲರೂ ಒಂದು ತರಗತಿಗೆ ಹೋಗಿ, ಹಿಂದಿನ ಬೆಂಚುಗಳಲ್ಲಿ ಮಕ್ಕಳ ಜೊತೆ ಕೂತು, ಇಡೀ ಪಾಠ ನೋಡಬೇಕು. ಉಪದೇಶ ಮಾಡಬಾರದು, ತಿದ್ದಬಾರದು. ಮಕ್ಕಳು ಮಾಡಿದ್ದನ್ನು ತಾವೂ ಮಾಡಬೇಕು. ಅವರು ಆರಿಸಿದ್ದು ನಸೀಮಾ ಟೀಚರ ಏಳನೇ ತರಗತಿ.

ನಸೀಮಾ ನಮ್ಮಲ್ಲಿ ಅತಿಥಿ ಶಿಕ್ಷಕಿ. ವರ್ಷವರ್ಷವೂ ನನ್ನ ಶಿಫಾರಸು, ಸಾಹೇಬರ ಸಹಿ ಎರಡೂ ಬಿದ್ದರೆ ಮಾತ್ರ ಅವರ ಕೆಲಸ ಮುಂದುವರಿಯುತ್ತಿತ್ತು. ಆ ವರ್ಷದ ಸಹಿ ಇನ್ನೂ ಆಗಿರಲಿಲ್ಲ. ಅವರ ಮನೆ ನಡೆಯುತ್ತಿದ್ದುದೇ ಆ ಕೆಲಸದಿಂದ. ನಾನು ಓಡಿಹೋಗಿ, ಈಗಾಗಲೇ ಮಾಡಿ ಮುಗಿಸಿದ ಯಾವುದಾದರೂ ಸುಲಭದ ಪಾಠವನ್ನೇ ಇನ್ನೊಮ್ಮೆ ಮಾಡಿ ಎಂದೆ.

"ಇವತ್ತು ಭಿನ್ನರಾಶಿ ಭಾಗಾಕಾರ ಶುರು ಮಾಡ್ತೀನಿ ಅಂದಿದ್ದೆ ಸಾರ್. ಮಕ್ಕಳು ಕಾಯ್ತಿದ್ದಾರೆ," ಎಂದರು. ಭಿನ್ನರಾಶಿಗಾಗಿ ಕಾಯುವ ಮಕ್ಕಳಿರುತ್ತಾರೆಂದು ನಾನು ಕೇಳಿಯೇ ಇರಲಿಲ್ಲ.

ತರಗತಿಗೆ ಹೋದರೆ ಭರಮಪ್ಪ ಆಗಲೇ ಸಾಹೇಬರಿಗಾಗಿ ಬೆತ್ತದ ಕುರ್ಚಿ ತಂದಿಟ್ಟು ಒರೆಸುತ್ತಿದ್ದ. ಇಂದುಮತಿ ಮೇಡಂ ಅದನ್ನು ವಾಪಸ್ಸು ಕಳಿಸಿದರು. ನಾವು ಹನ್ನೆರಡು ವರ್ಷದವರಿಗೆಂದು ಮಾಡಿದ ಬೆಂಚುಗಳಲ್ಲಿ ನಮ್ಮ ನಮ್ಮ ಹೊಟ್ಟೆಗಳನ್ನು ಹೊಂದಿಸಿಕೊಂಡೆವು. ಸಾಹೇಬರಿಗೆ ದಾಕ್ಷಾಯಿಣಿ ಎಂಬ ಹುಡುಗಿಯ ಪಕ್ಕ ಜಾಗ ಸಿಕ್ಕಿತು.

ನಸೀಮಾ ಟೀಚರ್ ಹಲಗೆಯ ಮೇಲೆ ಲೆಕ್ಕ ಬರೆದರು: ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎಷ್ಟು? ಮುಂದಿನ ಬೆಂಚಿನ ಹುಡುಗ ಎದ್ದು ಎಂಟನೇ ಒಂದು ಎಂದ. ತಪ್ಪು ಉತ್ತರ. ಟೀಚರ್ ಸರಿಯೆನ್ನಲಿಲ್ಲ, ತಪ್ಪೆನ್ನಲಿಲ್ಲ. ಅದನ್ನೇ ದಪ್ಪಕ್ಷರದಲ್ಲಿ ಹಲಗೆಗೆ ಬರೆದು, ಒಪ್ಪುವವರೆಲ್ಲ ಕೈ ಎತ್ತಿ ಎಂದರು. ಹಲಗೆಯ ಮೇಲೆ ತಪ್ಪು ಕೂತಿರುವುದನ್ನು ನೋಡಿ ಹೆಡ್ಮಾಸ್ತರುಗಳ ಸಾಲಿನಲ್ಲಿ ಸಂಕಟ ಶುರುವಾಯಿತು. ಪಕ್ಕದೂರಿನ ರುದ್ರಮುನಿ ಮೇಷ್ಟ್ರು ಮೈಮೇಲೆ ಇರುವೆ ಬಿಟ್ಟುಕೊಂಡವರಂತೆ ಒದ್ದಾಡಿದರು. ಅಳಿಸಿ, ಅಳಿಸಿ ಎಂದು ನಾನು ಹಿಂದಿನಿಂದ ಕೈಸನ್ನೆ ಮಾಡಿದೆ. ಟೀಚರ್ ನೋಡಲಿಲ್ಲ.

ಅಷ್ಟರಲ್ಲಿ ಷಡಕ್ಷರಿ ಸಾಹೇಬರು ಕೈ ಎತ್ತಿದರು.

ಸಾಹೇಬರ ಕೈ ಮೇಲಿರುವಾಗ ನಮ್ಮ ಕೈ ಕೆಳಗಿದ್ದ ದಾಖಲೆ ಇಲಾಖೆಯಲ್ಲೇ ಇಲ್ಲ. ಮೊದಲು ರುದ್ರಮುನಿ ಎತ್ತಿದರು, ಅವರ ಹಿಂದೆ ಉಳಿದವರು. ಗಣಿತದಲ್ಲಿ ಪದವಿ ಪಡೆದವರೂ ಎತ್ತಿದರು. ನನ್ನ ಕೈಯೂ ಕಿವಿಯವರೆಗೆ ಏರಿ, ಅಲ್ಲಿ ಏನು ಮಾಡುವುದೆಂದು ತಿಳಿಯದೆ ಕಿವಿ ಕೆರೆಯಿತು. ಮಕ್ಕಳು ತಿರುಗಿ ನೋಡಿದರು. ಇಷ್ಟೊಂದು ನರೆತ ತಲೆಗಳು ಒಪ್ಪಿದ ಮೇಲೆ ಇನ್ನೇನೆಂದು ಅವರ ಕೈಗಳೂ ಒಂದೊಂದಾಗಿ ಏಳತೊಡಗಿದವು.

ನಸೀಮಾ ಟೀಚರಿಗೆ ಅತ್ತ ದರಿ, ಇತ್ತ ಪುಲಿ. ತಪ್ಪು ಎಂದರೆ ಸಹಿ ಹಾಕಬೇಕಾದ ಕೈಯನ್ನೇ ಮಕ್ಕಳ ಮುಂದೆ ತಪ್ಪು ಎಂದಂತೆ. ಸುಮ್ಮನಿದ್ದರೆ ಇಡೀ ತರಗತಿ ತಪ್ಪನ್ನು ಕಲಿತಂತೆ. ಅವರು ನನ್ನ ಕಡೆ ನೋಡಿದರು. ಬಿಟ್ಟುಬಿಡಿ, ಮುಂದಿನ ಲೆಕ್ಕಕ್ಕೆ ಹೋಗಿ ಎಂದು ನಾನು ಬೆರಳಾಡಿಸಿದೆ. ಈ ಸಲ ನೋಡಿದರು. ನೋಡಿ ಮುಖ ತಿರುಗಿಸಿದರು.

"ಸಾರ್, ನಮ್ಮ ಕ್ಲಾಸಲ್ಲಿ ಕೈ ಎತ್ತಿದವರು ಯಾಕೆ ಅಂತ ತೋರಿಸ್ಬೇಕು," ಎಂದರು ಸಾಹೇಬರತ್ತ ನೋಡಿ. ಹೇಳಿ, ಪಾಠಕ್ಕೆಂದು ತಂದಿದ್ದ ಕಾಗದಗಳ ಕಟ್ಟಿಗೆ ಕೈ ಹಾಕಿದರು.

ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಸಾಹೇಬರ ಮುಂದೆ ರೊಟ್ಟಿಯಂತೆ ದುಂಡಗೆ ಕತ್ತರಿಸಿದ ಕಾಗದವಿತ್ತು. ದಾಕ್ಷಾಯಿಣಿ ಅದನ್ನು ಮಡಚಿ ಅರ್ಧ ಹರಿದು ಅವರ ಕೈಗೆ ಕೊಟ್ಟು, ಈ ಅರ್ಧ ರೊಟ್ಟಿಯಲ್ಲಿ ಎಷ್ಟು ಕಾಲು ರೊಟ್ಟಿ ಸಿಗುತ್ತೆ ನೋಡಿ ಎಂದಳು. ಸಾಹೇಬರು ಮತ್ತೊಮ್ಮೆ ಹರಿದರು. ಎರಡು ಚೂರುಗಳನ್ನು ಡೆಸ್ಕಿನ ಮೇಲಿಟ್ಟು, ಮತ್ತೆ ಜೋಡಿಸಿ, ಮತ್ತೆ ಬಿಡಿಸಿ, ಬಹಳ ಹೊತ್ತು ನೋಡಿದರು.

"ಎರಡು," ಎಂದರು. ಆ ಮಾತಿನ ಹಿಂದೆಯೇ, ಇನ್ನೂ ಮೇಲೇ ಇದ್ದ ಇಡೀ ಸಾಲಿನ ಕೈಗಳು ದಡದಡನೆ ಇಳಿದವು.

ಮಧ್ಯಾಹ್ನ ಸಭಾಂಗಣದಲ್ಲಿ ಚರ್ಚೆಗೆ ಕೂತೆವು. ನಸೀಮಾ ಟೀಚರನ್ನೂ ಕರೆಸಿದ್ದರು. ಅವರು ಬಾಗಿಲ ಹತ್ತಿರ ನಿಂತಿದ್ದರು. ರುದ್ರಮುನಿ ಮೇಷ್ಟ್ರು ಎದ್ದು, ಶಿಕ್ಷಕಿಯನ್ನು ಪರೀಕ್ಷಿಸಲೆಂದೇ ಸಾಹೇಬರು ಬೇಕಂತ ತಪ್ಪಿಗೆ ಕೈ ಎತ್ತಿದರು, ಎಂಥ ಜಾಣ್ಮೆ ಎಂದು ಹೊಗಳಿದರು. ಎಲ್ಲರೂ ತಲೆಯಾಡಿಸಿದೆವು. ಹಾಗೆಂದು ಒಪ್ಪಿಕೊಂಡಿದ್ದರೆ ಸಾಹೇಬರ ಮಾನವೂ ಉಳಿಯುತ್ತಿತ್ತು, ನಮ್ಮದೂ ಉಳಿಯುತ್ತಿತ್ತು.

"ಇಲ್ಲ. ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ," ಎಂದರು ಸಾಹೇಬರು. "ಭಾಗಿಸಿದ್ರೆ ಕಮ್ಮಿ ಆಗ್ಬೇಕು ಅಂದ್ಕೊಂಡೆ. ತಿರುವಿ ಗುಣಿಸು ಅಂತ ನಮ್ಮ ಮೇಷ್ಟ್ರು ಹೇಳಿದ್ರು, ಯಾಕೆ ಅಂತ ಹೇಳಿರ್ಲಿಲ್ಲ. ಅದೂ ಮರ್ತೋಗಿತ್ತು." ನಂತರ ನಮ್ಮತ್ತ ತಿರುಗಿದರು. "ಅದಿರ್ಲಿ, ನೀವೆಲ್ಲ ಯಾಕೆ ಎತ್ತಿದ್ರಿ?"

"ತಾವು ಎತ್ತಿದ್ರಲ್ಲ ಸಾರ್," ಎಂದರು ರುದ್ರಮುನಿ, ಪಾಪ, ಪ್ರಾಮಾಣಿಕವಾಗಿ. ಇಂದುಮತಿ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಂತಾಗಿತ್ತು ನಮ್ಮ ಸ್ಥಿತಿ. ಮೊದಲು ನಕ್ಕವರು ಸಾಹೇಬರು. ಅವರು ನಕ್ಕರೆಂದು ನಾವೂ ನಕ್ಕೆವು. ಅಭ್ಯಾಸ ಒಂದೇ ಮಧ್ಯಾಹ್ನದಲ್ಲಿ ಹೋಗುತ್ತದೆಯೇ?

ನಗು ನಿಂತ ಮೇಲೆ ಸಾಹೇಬರು ನಸೀಮಾ ಟೀಚರ ಮುಂದುವರಿಕೆಯ ಕಾಗದ ಎಲ್ಲಿದೆ ಎಂದು ನನ್ನನ್ನು ಕೇಳಿದರು. ತಮ್ಮ ಸಹಿಗೇ ಕಾದಿದೆ ಎಂದೆ. ತರಿಸಿಕೊಂಡು ಅಲ್ಲೇ ಸಹಿ ಹಾಕಿದರು. ಟೀಚರ್ ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡರು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇವರು ನನ್ನ ಶಾಲೆಯವರು ಎಂದು ಹೆಮ್ಮೆಯಾಯಿತು.

ಮರುದಿನದ ತರಬೇತಿಗೆ ಸಾಹೇಬರು ಸಭಾಂಗಣಕ್ಕೆ ಬರಲಿಲ್ಲ. ಹುಡುಕಿಕೊಂಡು ಹೋದ ನಾನು ಏಳನೇ ತರಗತಿಯ ಕಿಟಕಿಯ ಹೊರಗೆ ನಿಂತೆ. ನಸೀಮಾ ಟೀಚರ್ ಹೊಸ ಲೆಕ್ಕ ಬರೆದು, ಯಾರೋ ಹೇಳಿದ ಉತ್ತರವನ್ನು ಹಲಗೆಗೆ ಏರಿಸುತ್ತಿದ್ದರು.

"ಇವತ್ತು ಯೋಚ್ನೆ ಮಾಡಿ ಎತ್ತಿ ಸಾರ್," ಎಂದು ಪಿಸುಗುಟ್ಟಿದಳು ದಾಕ್ಷಾಯಿಣಿ.

ಸಾಹೇಬರು ಎರಡೂ ಕೈಗಳನ್ನು ಡೆಸ್ಕಿನ ಮೇಲೆ ಊರಿಕೊಂಡು, ಹುಬ್ಬು ಗಂಟಿಕ್ಕಿ, ಹಲಗೆಯನ್ನೇ ನೋಡುತ್ತ ಕೂತಿದ್ದರು.