ನಾಲಿಗೆಯ ಮೇಲಿನ ಉಪ್ಪು

"ನಾಲಿಗೆ ಒಳಗೆ ಹಾಕ್ಕೊಳ್ಳೋ! ವಾಂತಿ ಬಕೆಟ್ ತೊಳೆಯೋನಿಗೆ ಉಪ್ಪು ಬೇರೆ ಕೇಡು. ನಿನ್ನ ಬಾಯಲ್ಲಿ ಹಾಡೆಲ್ಲಿದೆ? ಬರೀ ನಾತ."

ಮಾವ ಇದನ್ನು ನಮ್ಮ ಶಿಪಿಬೊ ಮಾತಿನಲ್ಲಿ ಹೇಳಲಿಲ್ಲ, ಸ್ಪ್ಯಾನಿಷ್‌ನಲ್ಲಿ ಹೇಳಿದ. ಸಾಲಾಗಿ ಕೂತಿದ್ದ ಬಿಳಿಯರಿಗೂ ತಿಳಿಯಲಿ ಅಂತಲೇ. ತಿಳಿಯಿತು, ನಕ್ಕರು. ನಾನು ಸಾಲಿನ ಕೊನೆಯಲ್ಲಿ ನಾಯಿಯ ಹಾಗೆ ನಾಲಿಗೆ ಚಾಚಿಕೊಂಡು ಕೂತಿದ್ದೆ.

ಕಾಡಿನ ನಮ್ಮ ಶಿಬಿರದ ಕೊನೆಯ ಬೆಳಿಗ್ಗೆ ಅದು. ದರ್ಶನ ಕಾಣಿಸುವ ಆಯಾಹುವಾಸ್ಕ ಬಳ್ಳಿಯ ಕಷಾಯ ಕುಡಿಯಲು ಬಂದವರು ಉಪ್ಪು, ಸಕ್ಕರೆ, ಹಂದಿಮಾಂಸ, ಹಾಸಿಗೆಯ ಸುಖ ಎಲ್ಲ ಬಿಟ್ಟು ಪಥ್ಯದಲ್ಲಿರುತ್ತಾರೆ. ಹೊರಡುವ ದಿನ ಮಾವ ಒಬ್ಬೊಬ್ಬರ ನಾಲಿಗೆಗೂ ಉಪ್ಪು, ನಿಂಬೆ, ಮೆಣಸಿನಕಾಯಿ ಇಟ್ಟು, ನೆತ್ತಿಗೆ ತಂಬಾಕಿನ ಹೊಗೆ ಊದಿ ಪಥ್ಯ ಬಿಡಿಸುತ್ತಾನೆ. ಕಟ್ಟಿದವನೇ ಬಿಡಿಸಬೇಕು. ತಾನಾಗಿ ಉಪ್ಪು ಮುಟ್ಟಿದವನ ಮೇಲೆ ಗಿಡ ತಿರುಗಿ ಬೀಳುತ್ತದೆ. ನಮ್ಮೂರಿನ ಅಬ್ನೆರ್ ಹಾಗೆ ಮುಟ್ಟಿ, ಮೈಯೆಲ್ಲ ಹುಣ್ಣಾಗಿ, ಈಗ ದೋಣಿಕಟ್ಟೆಯಲ್ಲಿ ಕೂತು ಕೋಳಿಗಳ ಜೊತೆ ಜಗಳ ಆಡುತ್ತಾನೆ.

ಅವರದು ಒಂದೆರಡು ವಾರದ ಪಥ್ಯ. ನನ್ನದು ಎರಡನೇ ವರ್ಷಕ್ಕೆ ಕಾಲಿಟ್ಟಿತ್ತು. ಶಾಲೆ ಬಿಟ್ಟು ಸೋದರಮಾವನ ಹಿಂದೆ ಬಿದ್ದವನು ನಾನು. ಹೊಳೆದಂಡೆಯ ಬೊಬಿನ್ಸಾನ ಗಿಡದ ಪಥ್ಯ ಹಿಡಿಸಿದ. ಪಥ್ಯ ಹಿಡಿದವನಿಗೆ ಗಿಡ ವಾಸಿಮಾಡುವ ಹಾಡು ಕೊಡುತ್ತದೆ, ಕದ್ದು ತಿಂದವನಿಂದ ಕಿತ್ತುಕೊಳ್ಳುತ್ತದೆ. ಸಪ್ಪೆ ಮೀನು, ಸುಟ್ಟ ಬಾಳೆಕಾಯಿ; ಯಾರ ಮೈಯನ್ನೂ ಮುಟ್ಟುವಂತಿಲ್ಲ. ಈ ನಡುವೆ ಹೆಂಡತಿ ಎರ್ಲಿಂದಾ ಹೆತ್ತಳು. ಮಗಳು ಈಗ ಅಂಬೆಗಾಲಿಡುತ್ತಾಳೆ. ನಾನಿನ್ನೂ ಅವಳನ್ನು ಎತ್ತಿಕೊಂಡಿಲ್ಲ. ಬೇಲಿಯಾಚೆ ನಿಂತು ನೋಡುತ್ತೇನೆ, ಯಾರೋ ಪಕ್ಕದ ಮನೆಯವನ ಹಾಗೆ.

"ಹಾಡು ಬರ್ಲಿ, ಬಿಡಿಸ್ತೀನಿ" ಅನ್ನುತ್ತಿದ್ದ ಮಾವ. ಹಾಡು ಬಂತು. ಬಂದದ್ದೇ ತಪ್ಪಾಯಿತು.

ಅವನ ಹಾಡು ಒಣಗಿಹೋಗಿತ್ತು. ಯಾಕೆ ಅಂತ ನನಗೆ ಗೊತ್ತು. ಪುಕಾಲ್ಪ ಪೇಟೆಗೆ ಹೋದಾಗಲೆಲ್ಲ ಅಂಗಿಯ ತುಂಬ ಹುರಿದ ಹಂದಿಯ ವಾಸನೆ ಹೊತ್ತು ಬರುತ್ತಿದ್ದ. ಹಿಂದಿನ ರಾತ್ರಿ ಕತ್ತಲ ಗುಡಿಸಲಲ್ಲಿ ಎಲ್ಲರೂ ಕಷಾಯ ಕುಡಿದು ಬಕೆಟ್ಟಿಗೆ ತಲೆ ಬಗ್ಗಿಸಿದ್ದಾಗ ಅವನ ಗಂಟಲು ಕಟ್ಟಿತು. ಹಾಲೆಂಡಿನ ಹೆಂಗಸೊಬ್ಬಳು ಸಾಯುತ್ತೇನೆ ಎಂದು ಚೀರುತ್ತಿದ್ದಳು. ಮಾವ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದ. ಹಾಡಿದೆ. ಗಿಡ ನನಗೆ ಕೊಟ್ಟ ಹಾಡು, ಮೊದಲ ಸಲ ಬಾಯಿ ಬಿಟ್ಟು. ಅವಳ ಚೀರಾಟ ಇಳಿದು ಅಳುವಾಯಿತು, ಆಮೇಲೆ ಬರೀ ಉಸಿರು.

ಬೆಳಿಗ್ಗೆ ಅವಳು ಮಾವನ ಕಾಲ ಬಳಿ ಕೂತಳು. "ಮಾಸ್ತ್ರೊ, ನಿಮ್ಮ ಆ ಹಾಡು ನನ್ನ ಜೀವ ಉಳಿಸ್ತು."

ಕತ್ತಲಲ್ಲಿ ಹಾಡಿದವರು ಯಾರೆಂದು ಯಾರು ಕಂಡರು? ಮಾವ ಅವಳ ತಲೆ ಸವರಿದ. "ಒಂದು ಜನ್ಮದ ಪಥ್ಯ ತಾಯಿ, ಸುಮ್ನೆ ಬರಲ್ಲ" ಅಂದ. ಅವಳ ನಂತರ ನನ್ನ ಸರದಿ. ಆಗ ಬಂದದ್ದು ವಾಂತಿ ಬಕೆಟ್ಟಿನ ಆ ಮಾತು.

ಅವರೆಲ್ಲ ದೋಣಿ ಹತ್ತಿ ಹೋದ ಮೇಲೆ, ಬಕೆಟ್ ತೊಳೆಯುತ್ತಲೇ ಕೇಳಿದೆ. "ಮಾವ, ಹಾಡು ಬಂತಲ್ಲ. ಬಿಡಿಸು."

"ಎಲ್ಲಿ ಬಂತಪ್ಪ? ನಂಗೆ ಕೇಳಿಸ್ಲಿಲ್ಲ."

"ಹಂಗಾದ್ರೆ ನನ್ನ ಪಕ್ಕೆಗೆ ತಿವಿದಿದ್ಯಾಕೆ?"

"ಸೊಳ್ಳೆ ಕಚ್ತು. ಕೈ ಬೀಸ್ದೆ." ಹೊಗೆ ಬಿಟ್ಟು ನಕ್ಕ. ಆಮೇಲೆ ನಗು ನಿಲ್ಲಿಸಿದ. "ನೋಡೋ ಅಳಿಯ, ಇವತ್ತು ಬಿಡಿಸಿದ್ರೆ ನಾಳೆ ನೀನು ಪಕ್ಕದ ಶಿಬಿರದಲ್ಲಿ ನಿನ್ನ ಹೆಸರಲ್ಲಿ ಹಾಡ್ತೀಯ. ನಾನೇನು ನಿನ್ನ ಬಕೆಟ್ ತೊಳೀಲಾ?"

ಮಧ್ಯಾಹ್ನ ಹೊಸಬರು ಬಂದಿಳಿದರು. ಏನೇನಾಗುತ್ತದೆ ಎಂದು ಅವರಿಗೆ ಹೇಳುವುದು ನನ್ನ ಕೆಲಸ. ನಾಲ್ಕು ಹೆಜ್ಜೆ ಆಚೆ, ದಂಡೆಯಲ್ಲಿ ಎರ್ಲಿಂದಾ ಮಾರಲು ಕಸೂತಿ ಬಟ್ಟೆ ಹರವಿ ಕೂತಿದ್ದಳು, ತೊಡೆಯ ಮೇಲೆ ಮಗು.

"ವಾಂತಿ ಬರತ್ತೆ, ತಡೀಬೇಡಿ" ಅಂದೆ. "ಪಕ್ಕದವರು ಅತ್ತರೆ ಮುಟ್ಟಬೇಡಿ. ಸತ್ತೇಹೋದೆ ಅನ್ಸತ್ತೆ, ಸಾಯಲ್ಲ. ದಾರಿ ತಪ್ಪಿದ್ರೆ ಹಾಡನ್ನ ಹಿಡ್ಕೊಳ್ಳಿ. ಅದೇ ವಾಪಸ್ ಕರ್ಕೊಂಡು ಬರತ್ತೆ."

"ಹಾಡೋದು ಯಾರು?" ಗಡ್ಡದವನೊಬ್ಬ ಕೇಳಿದ.

ಮಾವ ಅನ್ನಬೇಕಿತ್ತು; ನಾನು ಹಂಚಲು ತಂದಿದ್ದ ಬಕೆಟ್ಟನ್ನು ಕೈ ಬದಲಿಸಿದೆ. ಎಲ್ಲರೂ ನನ್ನನ್ನೇ ನೋಡಿದರು. ಗುಡಿಸಲ ಬಾಗಿಲಲ್ಲಿದ್ದ ಮಾವನಿಗೆ ದಿಗಿಲಾಯಿತು. ಒಳಗೋಡಿ ಬಾಳೆಲೆಯ ತುಂಡಿನ ಮೇಲೆ ಉಪ್ಪು ಹಿಡಿದು ಬಂದ. ಹೌದು, ಓಡಿಯೇ ಬಂದ. ಹತ್ತಿರ ನಿಂತು ನಮ್ಮ ಮಾತಿನಲ್ಲಿ ಪಿಸುಗುಟ್ಟಿದ.

"ಹೇಳ್ಬಿಡೋ. ಹಾಡು ಮಾವಂದು, ನಾನು ಬಕೆಟ್ಟಿನವನು ಅಂತ ಇವರ ಮುಂದೆ ಒಂದು ಮಾತು ಹೇಳು. ಈಗ್ಲೇ, ಇಲ್ಲೇ ಬಿಡಿಸ್ತೀನಿ. ರಾತ್ರಿ ಮಾತ್ರ ನನ್ನ ಪಕ್ಕ ಕೂತ್ಕೊ, ಅಷ್ಟೇ. ಕತ್ತಲಲ್ಲಿ ಯಾರಿಗೆ ಕಾಣತ್ತೆ?"

"ಎಷ್ಟು ರಾತ್ರಿ?"

"ನಾನು ಇರೋವರೆಗೂ."

ಅವನು ಕದ್ದು ಕದ್ದು ಹೊಸಬರ ಮುಖ ನೋಡುತ್ತಿದ್ದ. ಅದನ್ನು ನೋಡಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇವತ್ತು ರಾತ್ರಿ ಇಷ್ಟೂ ಜನ ಬಟ್ಟಲು ತುಂಬ ಕುಡಿದು ಕತ್ತಲಲ್ಲಿ ಹಾಡಿಗೆ ಕೈ ಚಾಚುತ್ತಾರೆ. ಅಲ್ಲಿ ಹಂದಿ ತಿಂದ ಗಂಟಲೊಂದು ಕೆಮ್ಮುತ್ತಿರುತ್ತದೆ. ಚೀರಲಿ. ಬೆಳಗಿನವರೆಗೂ ಚೀರಲಿ.

ಅವನು ಉಪ್ಪನ್ನು ನನ್ನ ತುಟಿಯ ಹತ್ತಿರ ತಂದ. ಬಿಳಿ ಹರಳು ಕಂಡದ್ದಕ್ಕೇ ಬಾಯಲ್ಲಿ ನೀರು ಕಿತ್ತುಕೊಂಡು ಬಂತು. ಆ ನೀರನ್ನೇ ನುಂಗಿದೆ. ತುಟಿ ಬಿಗಿಹಿಡಿದು ಕೈಯಲ್ಲಿದ್ದ ಬಕೆಟ್ಟನ್ನು ಅವನ ಕಾಲ ಬಳಿ ಇಟ್ಟು ದಂಡೆಯ ಕಡೆ ತಿರುಗಿದೆ.

ಎರ್ಲಿಂದಾ ಎಲ್ಲ ಕೇಳಿಸಿಕೊಂಡಿದ್ದಳು. ನಾನು ಹತ್ತಿರ ಬರುತ್ತಿದ್ದಂತೆ ಮಗು ಎರಡೂ ಕೈ ಚಾಚಿತು. ಅದು ಯಾರಿಗಾದರೂ ಚಾಚುತ್ತದೆ. ಅವಳು ಅದರ ಮುಖವನ್ನು ತನ್ನ ಎದೆಗೆ ತಿರುಗಿಸಿಕೊಂಡಳು.

ಹಿಂದಿನಿಂದ ಮಾವ ಕೂಗಿದ, ಈ ಸಲ ಎಲ್ಲರಿಗೂ ಕೇಳುವ ಹಾಗೆ. "ಲೋ! ಮಗಳನ್ನ ಎತ್ಕೊಳ್ಳೋದು ಬೇಡ್ವೇನೋ ನಿಂಗೆ?"

ಅವರಿಬ್ಬರನ್ನು ದಾಟಿ, ಕೆಸರು ತುಳಿದುಕೊಂಡು ನಡೆದೆ.