ರಾಣಿಯ ಮಾತು

"ಈ ಹಾಳೆ ಹರಿದಾಕಮ್ಮ," ಎಂದ ಭಾನುಪ್ರಕಾಶ್, ನಾಟಕದ ನೋಟ್‌ಬುಕ್ಕನ್ನು ಸ್ನೇಹಳ ಮಡಿಲಿಗೆ ಹಾಕುತ್ತ. "ರಾಣಿ ಜೋಗೀನ ಆಸ್ಥಾನದಿಂದ ಆಚೆಗೆ ಅಟ್ಟೋದಂತೆ! ಸ್ವಾಮಿಗಳಿಗೆ ಬೇಜಾರಾಗಿದೆ. ಅವಳು ಕಾಲಿಗೆ ಬಿದ್ದು ಕ್ಷಮೆ ಕೇಳೋ ಹಂಗೆ ಬರ್ಕೊಡು."

ಭಾನುವಾರ ಮಧ್ಯಾಹ್ನದ ತಾಲೀಮು. ಶಾಲೆಯ ಜಗಲಿಯ ತುದಿಯಲ್ಲಿ ಸ್ವಾಮಿಗಳಿಗೊಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಹುಲಿಪಟ್ಟೆಯ ಬ್ಲಾಂಕೆಟ್ಟು. ಅವರು ಕಣ್ಣು ಮುಚ್ಚಿ ಕೂತಿದ್ದರು. ಪಂಚಾಯ್ತಿ ಅಧ್ಯಕ್ಷನಾದ ಭಾನುಪ್ರಕಾಶನದೇ ನಾಟಕದಲ್ಲೂ ರಾಜನ ಪಾರ್ಟು. ತನ್ನ ಮೇಲೆ ಅವಿಶ್ವಾಸ ತರುತ್ತಾರಂತೆ ಎಂಬ ಸುದ್ದಿ ಹುಟ್ಟಿದ ದಿನದಿಂದ ಅವನು ಸ್ವಾಮಿಗಳನ್ನು ಕೇಳದೆ ನೀರಿನ ಮೋಟರನ್ನೂ ಹಾಕಿಸುತ್ತಿರಲಿಲ್ಲ. ಅಂಗನವಾಡಿಯ ಬಾಗಿಲು ದಕ್ಷಿಣಕ್ಕಿದೆ, ಅಧ್ಯಕ್ಷರ ಕುರ್ಚಿಗೆ ಅದೇ ಕಂಟಕ ಎಂದು ಅವರು ಹೇಳಿದ ಮಾರನೆಯ ದಿನವೇ ಆ ಬಾಗಿಲಿಗೆ ಬೀಗ ಬಿದ್ದಿತ್ತು. ಅಲ್ಲಿಯ ಟೀಚರ್ ಅನುಸೂಯಮ್ಮ, ಸ್ನೇಹಳ ತಾಯಿ, ಮೂರು ತಿಂಗಳಿಂದ ಇಪ್ಪತ್ತಾರು ಮಕ್ಕಳಿಗೆ ಹುಣಸೆಮರದಡಿ ಊಟ ಬಡಿಸುತ್ತಿದ್ದಳು. ಮೊನ್ನೆ ನಾಯಿಯೊಂದು ತಟ್ಟೆಗೆ ಬಾಯಿ ಹಾಕಿ, ಒಂದು ಮಗುವಿನ ಕೈಯನ್ನೂ ಕಚ್ಚಿತ್ತು.

ಸ್ನೇಹ ಯಾರೊಡನೆಯೂ ಜೋರಾಗಿ ಮಾತಾಡಿದವಳಲ್ಲ. ಹಾರ್ಮೋನಿಯಂ ಮೂರ್ತಿ ಮೇಷ್ಟ್ರು "ರಾಣಿ ಮಾತು ಮಾತ್ರ ನೀನೇ ಬರಿಯಮ್ಮ, ಬಿ.ಎ. ಓದಿದೀಯ" ಅಂದಾಗ, ಹುಣಸೆಮರದಡಿ ಕಂಡದ್ದನ್ನೇ ಅರಮನೆಗೆ ಸಾಗಿಸಿ ಬರೆದಿದ್ದಳು, ಅಷ್ಟೆ.

ರಾಣಿಯ ಪಾರ್ಟಿನ ಖುರ್ಷಿದ್ ಪಕ್ಕದ ವಿಜಯಪುರದಿಂದ ಬಸ್ಸು ಹಿಡಿದು ಬರುವವಳು. ಉರ್ದು ಶಾಲೆಯಲ್ಲಿ ಓದಿದವಳಾದ್ದರಿಂದ ಕನ್ನಡ ಅಕ್ಷರ ಬಾರದು. ಸ್ನೇಹ ಹಿಂದೆ ನಿಂತು ಸಾಲು ಸಾಲಾಗಿ ಹೇಳಿಕೊಡಬೇಕು.

"ಏನಂತೆ ಸ್ನೇಹಮ್ಮ?"

"ಜೋಗಿ ಕಾಲಿಗೆ ಬೀಳ್ಬೇಕಂತೆ, ಖುರ್ಷಿದಕ್ಕ."

"ಅರೆ! ಇಪ್ಪತ್ತೆರಡು ವರ್ಷದಿಂದ ರಾಣಿ ನಾನು. ಕಾಲಿಗೆ ಬೀಳಕ್ಕೆ ದಾಸಿ ಪಾರ್ಟು ಬೇರೆ ಇರತ್ತಲ್ಲ!"

ಮೇಷ್ಟ್ರು ನಗು ಮುಚ್ಚಿಕೊಳ್ಳಲು ಹಾರ್ಮೋನಿಯಂನ ತಿದಿ ಒತ್ತಿದರು. ಸ್ವಾಮಿಗಳು ಕಣ್ಣು ತೆರೆದರು. "ರಾಣಿ ಬಗ್ಗದಿದ್ರೆ ರಾಜನ ಕುರ್ಚಿ ನಿಲ್ಲಲ್ಲ ಭಾನು. ನೋಡ್ಕೊ."

"ಕೇಳಿಸ್ತೇನಮ್ಮ? ಬೇಗ ಬರಿ. ಇಲ್ದಿದ್ರೆ ನಾಟ್ಕನೇ ಬೇಡ."

ಸ್ನೇಹ ಪೆನ್ನಿನ ಕ್ಯಾಪು ತೆಗೆದಳು. ಕ್ಯಾಪನ್ನು ಮತ್ತೆ ಹಾಕಿದಳು. ನೋಟ್‌ಬುಕ್ ಎತ್ತಿಕೊಂಡು ಖುರ್ಷಿದಳ ಹಿಂದೆ ಹೋಗಿ ನಿಂತು, ಹರಿಯದ ಹಾಳೆಯನ್ನೇ ಎಂದಿನ ಪಿಸುದನಿಯಲ್ಲಿ ಓದಿದಳು.

"ಮಕ್ಕಳ ಅನ್ನದ ಮನೆಗೆ ಬೀಗ ಹಾಕಿಸಿದವನೇ..."

ಖುರ್ಷಿದ್ ತಿರುಗಿ ಒಂದು ಗಳಿಗೆ ಅವಳ ಮುಖ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಹೆಂಚು ಅದುರುವಂತೆ, "ಮಕ್ಕಳ ಅನ್ನದ ಮನೆಗೆ ಬೀಗ ಹಾಕಿಸಿದವನೇ!"

"ಈ ಆಸ್ಥಾನದಲ್ಲಿ ನಿನಗೆ ಜಾಗವಿಲ್ಲ."

"ಈ ಆಸ್ಥಾನದಲ್ಲಿ ನಿನಗೆ ಜಾಗವಿಲ್ಲ! ಏಳು ಮೇಲೆ!"

'ಏಳು ಮೇಲೆ' ಎಂಬುದು ಹಾಳೆಯಲ್ಲಿ ಇರಲಿಲ್ಲ.

ಜಗಲಿಯ ಕೆಳಗೆ ನೋಡುತ್ತ ನಿಂತಿದ್ದ ಪಿಳ್ಳಮ್ಮ, ನಾಯಿ ಕಚ್ಚಿದ ಮಗುವಿನ ಅಜ್ಜಿ, "ಹಂಗೇಳವ್ವ!" ಎಂದು ಕೂಗಿದಳು. ಸ್ವಾಮಿಗಳು "ಭಾನೂ!" ಎನ್ನುತ್ತ ಅರ್ಧ ಎದ್ದರು. ಕೈಯಲ್ಲಿದ್ದ ವಿಭೂತಿ ಹುಲಿಪಟ್ಟೆಯ ಮೇಲೆ ಚೆಲ್ಲಿತು.

ಮುಂದಿನದು ರಾಜನ ಮಾತು. ಭಾನುಪ್ರಕಾಶ್ ಸ್ವಾಮಿಗಳನ್ನೂ ಪಿಳ್ಳಮ್ಮನನ್ನೂ ನೋಡಿದ. ಕೊನೆಗೆ, ಸಾಲು ಮರೆತಾಗಲೆಲ್ಲ ಮಾಡುವಂತೆ, ಸ್ನೇಹಳ ಕಡೆ ತಿರುಗಿದ.

ಅವಳು ಹಾಳೆ ನೋಡಲಿಲ್ಲ. ಪಿಸುಗುಟ್ಟಲೂ ಇಲ್ಲ.

"ಭಟರೇ, ಬೀಗ ತೆಗೆಯಿರಿ," ಎಂದಳು. "ಹೇಳಿ, ಭಾನಣ್ಣ."

ಮೇಷ್ಟ್ರ ಬೆರಳು ಒಂದೇ ಸ್ವರದ ಮನೆಯ ಮೇಲೆ ನಿಂತಿತ್ತು. ಹಾರ್ಮೋನಿಯಂ ಆ ಒಂದು ಸ್ವರವನ್ನು ಹಿಡಿದುಕೊಂಡು ಕಾಯುತ್ತಿತ್ತು.